ಸೀಟಿನ ಮೇಲಿನ ಭಾರ

ನಮ್ಮ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆದಿದೆ: ‘ಇಲ್ಲಿ ಬರ್ಲಾ ಅನ್ನಬಾರದು.’ ಹೊಸದಾಗಿ ಬಂದವರು ಓದಿ ನಗುತ್ತಾರೆ. ಬೀಡಿ ಸೇದಬಾರದು, ಉಗುಳಬಾರದು ಅಂತ ಬರೆದದ್ದು ಕಂಡಿದ್ದೇವೆ, ಇದ್ಯಾವ ಸೀಮೆ ಕಾನೂನು ಅಂತ ಕೇಳುತ್ತಾರೆ. ಬರೆದವಳು ನಾನು. ಅಕ್ಷರ ಸೊಟ್ಟಗಿದೆ. ಅದನ್ನು ಬರೆದ ದಿನವೇ, ನಾನೇ ಬಾಯಿಬಿಟ್ಟು ಎಲ್ಲ ಹೇಳಿದ ಮೇಲೆ, ನನ್ನನ್ನು ಗಾಡಿಯ ಸೀಟಿನಿಂದ ಇಳಿಸಿದರು. ಈಗ ಬ್ಯಾಟರಿ ಕೆಲಸ ಮಾತ್ರ ನನ್ನದು.

ಚಾಮರಾಜನಗರದಲ್ಲಿ ವಿಮಾನ ಇಳಿಯುವುದಿಲ್ಲ. ವಿಮಾನ ಎಳೆಯುವ ಗಾಡಿಗಳು ಇಳಿಯುತ್ತವೆ, ಲಾರಿಯ ಮೇಲಿಂದ. ಅಷ್ಟು ದೊಡ್ಡ ವಿಮಾನಕ್ಕೆ ನಿಂತ ಜಾಗದಿಂದ ತಾನಾಗಿ ಹಿಂದಕ್ಕೆ ಸರಿಯಲು ಆಗುವುದಿಲ್ಲ. ಅದರ ಮುಂದಿನ ಚಕ್ರಕ್ಕೆ ಉದ್ದನೆಯ ಕಂಬಿ ಸಿಕ್ಕಿಸಿ, ಗಿಡ್ಡನೆಯ ಭಾರದ ಗಾಡಿಯೊಂದು ತಳ್ಳಬೇಕು, ಎಳೆಯಬೇಕು. ಮೊದಲು ಅವು ಡೀಸೆಲ್ ಗಾಡಿಗಳು, ಈಗ ಬ್ಯಾಟರಿಯವು. ಕೆಟ್ಟಾಗ ಕೇರಳದ ಕಡೆಯಿಂದ ಲಾರಿ ಹತ್ತಿ, ಬಂಡೀಪುರದ ಗೇಟು ರಾತ್ರಿಗೆ ಮುಚ್ಚುವ ಮೊದಲೇ ಕಾಡು ದಾಟಿ ನಮ್ಮಲ್ಲಿಗೆ ಬರುತ್ತವೆ. ಬ್ಯಾಟರಿ ಕಳಚಿ, ಮೋಟಾರು, ಬ್ರೇಕು ನೋಡಿ, ಸುಟ್ಟ ವೈರು ಬದಲಿಸಿ ವಾಪಸು ಕಳಿಸುತ್ತೇವೆ. ನಮ್ಮೂರು ಬೇಗೂರಿನಲ್ಲಿ ನಾನು ಏರೋಪ್ಲೇನು ರಿಪೇರಿ ಮಾಡುವವಳು ಅಂತ ಸುದ್ದಿ. ನಾನು ವಿಮಾನದೊಳಗೆ ಕಾಲಿಟ್ಟವಳೇ ಅಲ್ಲ, ಆದರೂ ಸುದ್ದಿಯನ್ನು ಅಲ್ಲಗಳೆಯಲು ಹೋಗಿಲ್ಲ.

ಶೆಡ್ಡು ಹಿಂದೆ ಅರಿಶಿನದ ಗೋಡೌನಾಗಿತ್ತು. ಮೂಟೆಗಳು ಖಾಲಿಯಾಗಿ ಎಷ್ಟೋ ವರ್ಷವಾದರೂ ನೆಲದ ಬಿರುಕುಗಳಲ್ಲಿ ಹಳದಿ ಪುಡಿ ಉಳಿದಿದೆ. ನೀರು ಚೆಲ್ಲಿದರೆ ಮೇಲೆದ್ದು ಬರುತ್ತದೆ. ಮಂಡಿಯೂರಿ ಕೆಲಸ ಮಾಡಿದ ದಿನ ನಾವೆಲ್ಲ ಮದುವೆ ಮನೆಯಿಂದ ಎದ್ದು ಬಂದವರ ಹಾಗೆ ಕಾಣುತ್ತೇವೆ.

ಬ್ಯಾಟರಿ ಗಾಡಿ ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುತ್ತದೆ. ಮುಂದಕ್ಕೆ ಬರುವಾಗ ಏನೂ ಅನ್ನುವುದಿಲ್ಲ. ಪಾರಿವಾಳ ರೆಕ್ಕೆ ಬಡಿದರೂ ಕೇಳುವ ನಮ್ಮ ಶೆಡ್ಡಿನಲ್ಲಿ ಅಷ್ಟು ಟನ್ನು ಕಬ್ಬಿಣ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತಿರುತ್ತದೆ. ಸೇರಿದ ಹೊಸದರಲ್ಲಿ ಯಾರೋ ನನ್ನ ಕತ್ತಿನ ಮೇಲೆ ಉಸಿರು ಬಿಟ್ಟಂತಾಗಿ ತಿರುಗಿ ನೋಡಿದರೆ ಮೂರಡಿ ದೂರದಲ್ಲಿ ಗಾಡಿಯ ಮೂತಿ ಇರುತ್ತಿತ್ತು. ಬೈಗುಳ ಬಾಯಿಗೆ ಬರುವ ಮೊದಲು ಪಕ್ಕಕ್ಕೆ ಹಾರಿರುತ್ತಿದ್ದೆ.

ಕೆಲಸ ಕಲಿಸಿದವರು ಗುಂಡ್ಲುಪೇಟೆಯ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದೆವು. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತ ಕೂದಲು ಬೆಳ್ಳಗಾದ ಮೇಲೆ ಶೆಡ್ಡಿಗೆ ಬಂದವರು. ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ, ಹಿಡಿ ಕಿವಿಗೆ ಇಟ್ಟುಕೊಂಡು ಯಾವ ಬೇರಿಂಗು ಹೋಗಿದೆ ಅಂತ ಹೇಳಿಬಿಡುತ್ತಿದ್ದರು. “ಎಲ್ಲಾ ಮೆಷೀನೂ ಮಾತಾಡ್ತದೆ ಕಣಮ್ಮಿ,” ಅನ್ನುತ್ತಿದ್ದರು. “ಇವು ಮಾತ್ರ ಬಾಯಿಗೆ ಬೀಗ ಹಾಕ್ಕಂಡವೆ. ಇವನ್ನ ನಂಬ್ಬೇಡ.”

ಅವರು ಕಲಿಸಿದ ಮೊದಲ ಪಾಠ ಸೀಟಿನದು. ಸೀಟಿನ ಕೆಳಗೆ ಅಂಗೈಯಗಲದ ಒಂದು ಸ್ವಿಚ್ಚಿದೆ. ಮೇಲೆ ಮನುಷ್ಯರ ಭಾರ ಬಿದ್ದರೆ ಮಾತ್ರ ಮೋಟಾರಿಗೆ ಕರೆಂಟು ಹೋಗುತ್ತದೆ. ಎದ್ದರೆ ಗಾಡಿ ಸತ್ತಂತೆ. “ಪೆಡಲ್ ಮೇಲೆ ಕಲ್ಲಿಟ್ರೂ ಕದಲಲ್ಲ. ಕೂತೋರು ಬೇಕು. ಕೂತೋರಿಲ್ದೆ ಗಾಡಿ ಇಲ್ಲ,” ಅಂದಿದ್ದರು. ಈ ಮಾತು ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಬಹುದು ಅಂತ ಆಗ ನನಗೇನು ಗೊತ್ತು.

ಇನ್ನು ಆ ಪದ. ನಮ್ಮ ಕಡೆ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಅದು ಕೆಟ್ಟ ಮಾತು. ‘ಬರ್ಲಾ?’ ಅನ್ನುತ್ತಾರೆ. ಇರುವವರು ‘ಬಾ’ ಅನ್ನುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಭಾಯ್ ನಮಾಜಿಗೆ, ನಾನು ಹೊರಗೆ ಹೊಂಗೆ ಮರದ ಕೆಳಗೆ ಊಟಕ್ಕೆ. ಯಾರು ಮೊದಲು ಹೊರಟರೂ “ಬರ್ಲಾ?” “ಬಾ.” ಆದರೆ ಗಾಡಿಯ ಮೇಲೆ ಕೂತವರು ಮುಂದಕ್ಕೆ ತರುವ ಮೊದಲು ಕೇಳುವುದೂ ‘ಬರ್ಲಾ?’ ಅಂತಲೇ. ಹಾರ್ನು ಹೊಡೆಯಬೇಕು, ಎದುರಿನವರು ಕೈ ಎತ್ತಿ ಸನ್ನೆ ಮಾಡುವವರೆಗೆ ಕಾಯಬೇಕು ಅಂತ ನಿಯಮವೇನೋ ಇತ್ತು. ಇರುವ ಐದಾರು ಜನರ ನಡುವೆ ಯಾವ ಹಾರ್ನು, ಯಾವ ಸನ್ನೆ? ಬಾಯಿ ಇರಲಿಲ್ಲವೇ ನಮಗೆ?

ಆ ದಿನ ಒಂದಕ್ಕೆ ಐದು ನಿಮಿಷ ಇತ್ತು. ಚಾರ್ಜರಿನ ಕೇಬಲ್ ಗಾಡಿಗೆ ಎಟಕುತ್ತಿರಲಿಲ್ಲ, ನಾಲ್ಕಡಿ ಮುಂದಕ್ಕೆ ತರಬೇಕಿತ್ತು. ತಂದಿಟ್ಟು ಹಾಗೇ ಊಟಕ್ಕೆ ಹೋದರಾಯಿತು ಅಂತ ಗೋಡೆಯ ಮೊಳೆಯಿಂದ ಊಟದ ಚೀಲ ತೆಗೆದುಕೊಂಡು ಗಾಡಿ ಹತ್ತಿದೆ. ಭಾಯ್ ಚಾರ್ಜರಿನ ಕಂಬದ ಹತ್ತಿರ ನನಗೆ ಬೆನ್ನು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು.

“ಬರ್ಲಾ ಭಾಯ್?”

“ಬಾ ಕಣಮ್ಮಿ.”

ಪೆಡಲ್ ಒತ್ತಿದೆ. ಅದೇ ಗಳಿಗೆಯಲ್ಲಿ ಅವರು ಜೇಬಿನಿಂದ ತೆಗೆದ ಬಿಳಿ ಟೋಪಿ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿ ಒಂದು ಹೆಜ್ಜೆ ಹಿಂದಕ್ಕೆ ಬಂದರು. ಗಾಡಿಯ ಮುಂದಿನ ಕೊಕ್ಕೆಗೂ ಕಂಬಕ್ಕೂ ನಡುವೆ ಅವರ ಬಲಗಾಲು ಸಿಕ್ಕಿತು. ಕಿರುಚಾಟ ಇರಲಿಲ್ಲ. ಒಣ ಸೌದೆ ಮುರಿದಂಥ ಒಂದು ಸದ್ದು, ಆಮೇಲೆ ಪಾರಿವಾಳಗಳು ಎದ್ದು ಹಾರಿದ ಸದ್ದು. ಎಷ್ಟು ಹೊತ್ತು ನಾನು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದೆನೋ ತಿಳಿಯದು. “ಹಿಂದಕ್ಕೆ... ಯಾರಾದ್ರೂ ಹಿಂದಕ್ಕೆ...” ಅಂತ ಅವರ ದನಿ ಬಂದ ಮೇಲೆ ಹಿಂದಕ್ಕೆ ತೆಗೆದೆ. ಗಾಡಿ ಪೀಂ ಪೀಂ ಅಂದಿತು. ಆ ಸದ್ದಿಗೆ ಎಲ್ಲರೂ ಓಡಿ ಬಂದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಸೂಪರ್‌ವೈಸರು ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಭಾಯ್ ಹೇಳಿದರು: “ಗಾಡಿ ತಾನಾಗೇ ಬಂದ್ಬುಡ್ತು ಸಾರ್. ಮೇಲೆ ಯಾರೂ ಇರ್ಲಿಲ್ಲ. ಅಮ್ಮಿ ಊಟಕ್ಕೆ ಓಗಿದ್ಲು. ಅವಳು ಓಡಿ ಬಂದು ಹಿಂದಕ್ಕೆ ತೆಗೀದಿದ್ರೆ ನಾನಿವತ್ತು ಇರ್ತಿರ್ಲಿಲ್ಲ.”

ಸೂಪರ್‌ವೈಸರು ನನ್ನ ಕಡೆ ತಿರುಗಿದರು. “ಊಟಕ್ಕೆ ಹೋಗಿದ್ಯಾ?”

“ಹೂಂ ಸಾರ್,” ಅಂದೆ.

ಅಷ್ಟೇ. ಒಂದು ಹೂಂ. ಭಾಯ್ ನನ್ನನ್ನು ಉಳಿಸಲು ಸುಳ್ಳು ಹೇಳಿದ್ದಾರೆ ಅಂದುಕೊಂಡೆ. ಹೆಂಗಸಿಗೆ ಸೀಟು ಕೊಟ್ಟದ್ದೇ ತಪ್ಪು ಅಂತ ಕೆಲಸದಿಂದ ತೆಗೆಯುತ್ತಾರೆ, ಅದು ಅವರಿಗೆ ಗೊತ್ತು, ಅದಕ್ಕೇ ಈ ಮಾತು ಅಂದುಕೊಂಡೆ. ಎಂಥ ದೊಡ್ಡ ಮನುಷ್ಯ ಅಂತ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತೆ. ಅತ್ತದ್ದು ಅವರ ಕಾಲಿಗಾಗಿಯೋ ನನ್ನ ಕೆಲಸ ಉಳಿಯಿತು ಅಂತಲೋ, ಈಗ ಕೇಳಿಕೊಂಡರೆ ಉತ್ತರ ನನಗೇ ಇಷ್ಟವಾಗುವುದಿಲ್ಲ.

ಗಾಡಿಯ ಮಾಲೀಕರ ಕಡೆಯಿಂದ ಒಬ್ಬ ಎಂಜಿನಿಯರು ಬಂದು ಎರಡು ದಿನ ಬಿಚ್ಚಿ ನೋಡಿದ. ಬ್ರೇಕು ಸರಿಯಿದೆ, ಸೀಟಿನ ಸ್ವಿಚ್ಚು ಸರಿಯಿದೆ, ಗಾಡಿ ಚಲಿಸಿದ್ದಕ್ಕೆ ಕಾರಣ ತಿಳಿದುಬಂದಿಲ್ಲ ಅಂತ ಬರೆದು ಸಹಿ ಹಾಕಿ ಹೋದ. ಕಾರಣ ತಿಳಿಯದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಕೇರಳದಲ್ಲಿ ಅದರ ಮೇಲೆ ಯಾರೋ ಪ್ರಾಣ ಬಿಟ್ಟಿದ್ದರಂತೆ ಅಂತ ಒಬ್ಬರು, ಅದನ್ನು ತಂದ ಲಾರಿಗೆ ಕಾಡಿನಲ್ಲಿ ಏನೋ ಅಡ್ಡ ಬಂದಿತ್ತಂತೆ ಅಂತ ಇನ್ನೊಬ್ಬರು. ಆ ಗಾಡಿಗೆ ಟಾರ್ಪಾಲು ಹೊದಿಸಿ ಮೂಲೆಯಲ್ಲಿ ನಿಲ್ಲಿಸಿದರು. ಅದರ ಕೊಕ್ಕೆಗೆ ನಿಂಬೆಹಣ್ಣು, ಮೆಣಸಿನಕಾಯಿ ಬಿತ್ತು. ಹಾದುಹೋಗುವವರು ಒಂದು ಮಾರು ದೂರ ಸುತ್ತಿ ಹೋಗತೊಡಗಿದರು. ದೆವ್ವವಿಲ್ಲ ಅಂತ ಶೆಡ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ನಾನೂ ಸುತ್ತಿಯೇ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ಅದು.

ಎರಡನೇ ವಾರ ಬ್ಯಾಟರಿಯ ಆಸಿಡ್ ನೆಲಕ್ಕೆ ಚೆಲ್ಲಿತು. ಆಸಿಡ್ ಸಾಯಲಿ ಅಂತ ಯಾವಾಗಲೂ ಮಾಡುವಂತೆ ವಾಷಿಂಗ್ ಸೋಡಾ ಕಲಸಿದ ನೀರನ್ನು ಬಕೆಟ್ಟುಗಟ್ಟಲೆ ಸುರಿದೆವು. ನೀರು ಹರಿದು ಚಾರ್ಜರಿನ ಕಂಬದ ಬುಡಕ್ಕೆ ಹೋಯಿತು. ಭಾಯ್ ಬಿದ್ದ ಜಾಗದಲ್ಲಿ ಬಿರುಕುಗಳು ಒಂದೊಂದೇ ಕೆಂಪಾದವು. ಗುಡಿಸುವ ಅಕ್ಕ ಪೊರಕೆ ಬಿಸಾಕಿ ಹೊರಗೆ ಓಡಿದಳು. “ರಕ್ತ ಓಗಿಲ್ಲ ಕಣಮ್ಮಿ! ತೊಳ್ದಷ್ಟೂ ಬತ್ತಾ ಅದೆ!”

ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುತ್ತದೆ, ಆರತಿ ತಟ್ಟೆಗೆ ನೀರು ಕಲಸಿದ ಎಲ್ಲ ಹೆಂಗಸರಿಗೂ ಗೊತ್ತು. ಸೋಡಾ ಬಿದ್ದರೂ ಅಷ್ಟೇ. ಆ ಅಕ್ಕನಿಗೂ ಬೇರೆ ದಿನವಾಗಿದ್ದರೆ ಹೊಳೆಯುತ್ತಿತ್ತು. ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು ಕೆಲಸಕ್ಕೆ ಹೋಗುತ್ತಿದ್ದರು. ನಾನು ಹೇಳಲಿಲ್ಲ. ದೆವ್ವ ಇದ್ದಷ್ಟು ದಿನ ನನ್ನ ಕೆಲಸಕ್ಕೆ ಭಯವಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಆದರೆ ಒಂದು ವಿಷಯ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಮೇಲಿನ ದಿನಗಳಲ್ಲಿ, ಮಧ್ಯಾಹ್ನ ಒಂದಕ್ಕೆ, ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ, ನನ್ನ ಹಿಂದಿನಿಂದ “ಬರ್ಲಾ?” ಅನ್ನುವುದು ಕೇಳುತ್ತಿತ್ತು. ಭಾಯ್ ದನಿಯಲ್ಲೇ, ಅದೇ ಸ್ವಲ್ಪ ಎಳೆತದಲ್ಲಿ. ಸತ್ತವರ ದನಿಯಾದರೆ ದೆವ್ವ ಅನ್ನಬಹುದು. ಬದುಕಿ ಗುಂಡ್ಲುಪೇಟೆಯಲ್ಲಿ ಕೂತಿರುವವರ ದನಿಗೆ ಏನನ್ನಬೇಕು? ತಿರುಗಿದರೆ ಬಿಸಿಲಿನ ಪಟ್ಟಿ, ಟಾರ್ಪಾಲು, ಅಷ್ಟೇ. ಒಂದು ದಿನ ಬಾಯಿತಪ್ಪಿ “ಬಾ” ಅಂದುಬಿಟ್ಟೆ. ಅಂದವಳೇ ಹೊರಗೋಡಿದೆ, ಬೆನ್ನ ಹಿಂದೆ ಏನೋ ಸದ್ದಿಲ್ಲದೆ ಹೊರಟಿದೆ ಅಂತ.

ಏಳು ತಿಂಗಳು ಹೀಗೆ ಕಳೆಯಿತು. ದಿನಾ ಗುಂಡ್ಲುಪೇಟೆಯಲ್ಲೇ ಬಸ್ಸು ಬದಲಾಯಿಸುತ್ತಿದ್ದೆ. ಭಾಯ್ ಮನೆ ಬಸ್‌ಸ್ಟ್ಯಾಂಡಿನಿಂದ ಎರಡು ಬೀದಿ ಆಚೆ. ಒಂದು ಸಲವೂ ಹೋಗಲಿಲ್ಲ. ಅಷ್ಟು ದೊಡ್ಡ ಉಪಕಾರ ಮಾಡಿದವರ ಮುಖ ನೋಡಲು ನಾಚಿಕೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕೊನೆಗೆ ಅವರ ಹೆಂಡತಿಯೇ ಫೋನು ಮಾಡಿದರು. ಭಾಯ್ ಜೊತೆ ಮಾತಾಡುವಾಗ ನಾನು ಅವರನ್ನು ಚಾಚಿ ಅನ್ನುತ್ತಿದ್ದೆ. “ಒಂದ್ಸಲ ಬಂದ್ಹೋಗು ಬೇಟಾ. ನಿದ್ದೆ ಮಾಡಲ್ಲ ಇವ್ರು. ಯಾರ ಮಾತೂ ಕೇಳಲ್ಲ. ನೀನು ಆ ಕೆಲ್ಸ ಬಲ್ಲೋಳು, ನಿನ್ ಮಾತಾದ್ರೂ ಕೇಳ್ತಾರೇನೋ.”

ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲ ಪರದೆ ಸರಿಸಿದೆ, ಗೆಜ್ಜೆ ಸದ್ದಾಯಿತು. ಪರದೆಯ ಅಂಚಿಗೆ ಸಾಲಾಗಿ ಗೆಜ್ಜೆ ಹೊಲಿದಿತ್ತು. ಒಳಗಿನ ಬಾಗಿಲಿಗೂ ಗೆಜ್ಜೆ. ಹಿತ್ತಲಿನ ಬಾಗಿಲಿಗೆ ದನದ ಗಂಟೆ. ಅಂಗಳದ ಮೇಕೆಗೆ, ಎರಡು ಕೋಳಿಗಳ ಕಾಲಿಗೆ, ನೀರಿನ ಕೊಡದ ಕತ್ತಿಗೆ. ಚಾಚಿ ಬಂದರು, ಅವರ ಸೊಂಟದಲ್ಲಿ ಬೀಗದ ಕೈ ಗೊಂಚಲಿನ ಜೊತೆ ಒಂದು ಹಿತ್ತಾಳೆ ಗಂಟೆ ಇತ್ತು. ಈ ವಯಸ್ಸಿನಲ್ಲಿ ಗಂಟೆ ಕಟ್ಟಿಕೊಂಡ ಹೆಂಗಸು ನನ್ನ ಮುಖ ನೋಡಲಾರದೆ ಹೇಳಿದರು: “ಸದ್ದಿಲ್ದೆ ಯಾರು ಹಿಂದೆ ಬಂದ್ರೂ ಕಿರುಚ್ತಾರೆ ಬೇಟಾ. ನಾನು ಬಂದ್ರೂನೂ.”

ಭಾಯ್ ಗೋಡೆಗೆ ಬೆನ್ನು ಒತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕಾಲಿನೊಳಗೆ ಕಬ್ಬಿಣದ ರಾಡು, ಪಕ್ಕದಲ್ಲಿ ಕೋಲು. ಮಂಡಿ ಮಡಚಲಾಗದೆ ನಮಾಜನ್ನೂ ಆ ಕುರ್ಚಿಯಲ್ಲೇ ಮಾಡುತ್ತಾರಂತೆ. ಕಣ್ಣು ಗುಳಿ ಬಿದ್ದಿತ್ತು. ಬೀದಿಯಲ್ಲಿ ಬ್ಯಾಟರಿ ಸ್ಕೂಟರೊಂದು ಹೋಯಿತು. ನನಗೆ ಕೇಳಿಸಲೇ ಇಲ್ಲ, ಕಿಟಕಿಯಲ್ಲಿ ನೆರಳು ಹಾದದ್ದಷ್ಟೇ ಕಂಡಿತು. ಅವರು ಕುರ್ಚಿಯ ಕೈ ಹಿಡಿದು ಅದು ಬೀದಿ ತುದಿ ಮುಟ್ಟುವವರೆಗೆ ಉಸಿರು ಕಟ್ಟಿದ್ದರು.

“ಸದ್ದು ಮಾಡೋದಕ್ಕೆ ಎದ್ರಿಕೆ ಇಲ್ಲ ಕಣಮ್ಮಿ,” ಅಂದರು. “ಸದ್ದಿಲ್ದೆ ಬತ್ತದಲ್ಲ, ಅದಕ್ಕೆ.”

ನಾನು ಏನೋ ಸಮಾಧಾನದ ಮಾತು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

“ಸುಮ್ನಿರು. ನೀನು ಕೆಲ್ಸ ಬಲ್ಲೋಳು, ನೀನೇ ಲೆಕ್ಕ ಹಾಕು. ಆವತ್ತು ನೀನು ಊಟದ ಚೀಲ ತಗಂಡೆ, ನಾನು ನೋಡ್ದೆ. ಬರ್ಲಾ ಭಾಯ್ ಅಂದೆ. ಬಾ ಅಂತ ನಿನ್ನ ಕಳ್ಸಿದೆ. ಶೆಡ್ಡಲ್ಲಿ ಇನ್ಯಾರೂ ಇಲ್ಲ. ಟೋಪಿ ಬಿತ್ತು, ಬಗ್ಗಿದೆ, ಬಂತು. ತಿರುಗಿ ನೋಡಿದ್ರೆ ಗಾಡಿ ಗಾಜಿನ ಮೇಲೆ ಬಿಸ್ಲು, ಒಳಗೆ ಏನೂ ಕಾಣಲ್ಲ. ಸೀಟಿನ ಸ್ವಿಚ್ಚು ಆ ವಾರ ನಾನೇ ಬದಲಾಯ್ಸಿದ್ದೆ. ಸರಿಯಾಗಿತ್ತು ಅಂತ ಆ ಎಂಜಿನಿಯರೂ ಬರ್ದವ್ನೆ. ಭಾರ ಬೀಳ್ದೆ ಗಾಡಿ ಕದಲಲ್ಲ. ಕದಲ್ತು. ಅಂದ್ರೆ ಭಾರ ಬಿದ್ದಿತ್ತು.” ದನಿ ತಗ್ಗಿಸಿದರು. “ಯಾರ್ದು ಕಣಮ್ಮಿ ಆ ಭಾರ? ಏಳು ತಿಂಗಳಿಂದ ಕೇಳ್ಕತಾ ಇದೀನಿ. ಸೀಟಿನ ಮೇಲೆ ಯಾರು ಕೂತಿದ್ರು?”

ಆಗ ನನಗೆ ತಿಳಿಯಿತು. ಭಾಯ್ ಸುಳ್ಳು ಹೇಳಿರಲೇ ಇಲ್ಲ. ನನ್ನನ್ನು ಉಳಿಸಿಯೂ ಇರಲಿಲ್ಲ. ಅವರ ಕಿವಿಗೆ ನಾನು ಊಟಕ್ಕೆ ಹೊರಟಿದ್ದೆ. ಅವರ ‘ಬಾ’ ನನ್ನ ಬೆನ್ನಿಗೆ ಹೇಳಿದ ‘ಬಾ’. ಆಸ್ಪತ್ರೆಯ ಮಂಚದ ಮೇಲೆ ತಾವು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಸುಳ್ಳು ಹೇಳಿದವಳು ನಾನೊಬ್ಬಳೇ. ನಾನು ಕೆಲಸ ಉಳಿಸಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ ಅಷ್ಟೂ ದಿನ, ಜೀವನವಿಡೀ ಯಂತ್ರವನ್ನು ನಂಬಿದ ಈ ಮನುಷ್ಯ ಖಾಲಿ ಸೀಟಿನ ಮೇಲೆ ಕೂತದ್ದು ಏನು ಅಂತ ಗೋಡೆಗೆ ಬೆನ್ನು ಕೊಟ್ಟು ಯೋಚಿಸಿದ್ದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ನಂದು ಭಾಯ್,” ಅಂದೆ.

ಅವರಿಗೆ ಅರ್ಥವಾಗಲಿಲ್ಲ.

“ಆ ಭಾರ ನಂದು. ನಾನು ಊಟಕ್ಕೆ ಹೋಗಿರ್ಲಿಲ್ಲ. ಚೀಲ ಹಿಡ್ಕೊಂಡೇ ಗಾಡಿ ಹತ್ತಿದ್ದೆ. ಗಾಡಿ ಮುಂದಕ್ಕೆ ತರ್ಲಾ ಅಂತ ಬರ್ಲಾ ಅಂದೆ. ನೀವು ಬಾ ಅಂದ್ರಿ. ತಂದೆ.”

ಗೋಡೆಯಿಂದ ಬೆನ್ನು ಬಿಡಿಸಿ ಮುಂದಕ್ಕೆ ಬಗ್ಗಿದರು. “ನೀನೇ ಕೂತಿದ್ಯಾ?”

“ನಾನೇ.”

“ಆಣೆ ಮಾಡು.”

“ನನ್ ಮಕ್ಕಳಾಣೆ.”

“ನೀನೇನಾ? ಮನುಷ್ಯರೇನಾ ಕೂತಿದ್ದು?”

“ನಾನೇ ಭಾಯ್.”

ಬೈಯುತ್ತಾರೆ, ಕೋಲಿನಲ್ಲಿ ಹೊಡೆಯುತ್ತಾರೆ ಅಂದುಕೊಂಡು ಕೂತೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ತಲೆಯನ್ನು ನಿಧಾನವಾಗಿ ಗೋಡೆಗೆ ಆನಿಸಿದರು. ತುಟಿಯಲ್ಲಿ ಏನೋ ಪ್ರಾರ್ಥನೆಯಂಥದ್ದು ಆಡಿತು. “ಹಂಗಾದ್ರೆ ಸ್ವಿಚ್ಚು ಸರಿಯಾಗಿತ್ತು,” ಅಂದರು. ಹೆಗಲು ಇಳಿಯಿತು, ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಟ್ಟವು. ಮತ್ತೇನೋ ಹೇಳಲು ಹೊರಟವರು ಹಾಗೆಯೇ ಕಣ್ಣು ಮುಚ್ಚಿದರು. ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು. ಹೊರಗೆ ಬಿಸಿಲು, ಬೀದಿಯಲ್ಲಿ ತರಕಾರಿ ಕೂಗುವವನು, ಅಂಗಳದಲ್ಲಿ ಮೇಕೆಯ ಗಂಟೆ. ಯಾವುದಕ್ಕೂ ಅವರು ಬೆಚ್ಚಲಿಲ್ಲ. ನೆಲದ ಮೇಲೆ ಕೂತು ಅವರು ನಿದ್ದೆ ಮಾಡುವುದನ್ನು ನೋಡಿದೆ. ಕ್ಷಮಿಸಿದರೋ ಇಲ್ಲವೋ ಕೇಳಲು ಯಾರೂ ಎಚ್ಚರವಿರಲಿಲ್ಲ.

ಎದ್ದೆ. ಒಳಬಾಗಿಲಲ್ಲಿ ಚಾಚಿ ನಿಂತಿದ್ದರು, ಸೊಂಟದ ಗಂಟೆಯನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಹೊಸಿಲಿಗೆ ಬಂದು, ಪರದೆಯ ಗೆಜ್ಜೆ ಕೈಯಲ್ಲಿ ಹಿಡಿದು, ಹುಟ್ಟಿದಾಗಿನಿಂದ ಎಲ್ಲ ಹೊಸಿಲಿನಲ್ಲೂ ಅಂದದ್ದನ್ನೇ ಅಂದೆ.

“ಬರ್ಲಾ ಚಾಚಿ?”

ಅವರು ಗಂಡನ ಮುಖ ನೋಡಿದರು, ಆ ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಹೋಗು,” ಅಂದರು.

ಆ ಮಾತಿಗೆ ಎರಡನೇ ಅರ್ಥ ಇರಲಿಲ್ಲ.